ಹಬ್ಬಕ್ಕಷ್ಟ ಏನ್ರೀ ಅಕ್ಕಾರ?

ಅವರು ಹೋದ ಸುದ್ದಿ ನನಗೆ ಗೊತ್ತಾಗಿದ್ದು ವಾಟ್ಸಾಪ್ ಗುಂಪಿನಲ್ಲಿ. ಸ್ವಲ್ಪ ಹೊತ್ತಿಗೆಲ್ಲ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ನಾನು ಹಾಕಲಿಲ್ಲ. ಆರು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತು ಕೆಲಸ ಕಲಿತವಳು, ಎಲ್ಲರಿಗಿಂತ ಮೊದಲು ಹಾಕಬೇಕಿತ್ತು. ಫೋನ್ ಕೆಳಗಿಟ್ಟು ಸಾರಿಗೆ ಒಗ್ಗರಣೆ ಹಾಕಲು ಎದ್ದು ಹೋದೆ.

ನಾನು ಕೆಲಸ ಮಾಡುವುದು ಇಲ್ಲಿನ ಸ್ಥಳೀಯ ಸರ್ಕಾರದ ವಸತಿ ಕಚೇರಿಯಲ್ಲಿ. ಗಂಡ ಎಲ್ಲರ ಗಂಡಂದಿರ ಹಾಗೆ ಸಾಫ್ಟ್‌ವೇರು. ಮೈಸೂರಿನಿಂದ ಅಮೆರಿಕಕ್ಕೆ ಬಂದು, ವರ್ಕ್ ಪರ್ಮಿಟ್ಟಿಗೆ ಕಾದು ಕಾದು, ಕೊನೆಗೆ ಸಿಕ್ಕ ಕೆಲಸ ಇದು. ದುಡ್ಡಿರುವ ನಮ್ಮವರೆಲ್ಲ ಇರುವ ಸಮಾಮಿಶ್ ಕಡೆ ಊಟಕ್ಕೆ ಹೋದಾಗ ‘ನೀವೆಲ್ಲಿ ಕೆಲಸ ಮಾಡೋದು’ ಎಂದು ಕೇಳಿದವರು, ನಾನು ಉತ್ತರ ಹೇಳಿದ ಮೇಲೆ ಮಕ್ಕಳ ಸ್ಕೂಲಿನ ವಿಚಾರಕ್ಕೆ ಹೊರಳುತ್ತಾರೆ. ಬಡವರಿಗೆ ಮನೆ ಕೊಡುವ ಕಚೇರಿ ಎಂದರೆ ಅದರ ಅಂಟು ತಮಗೂ ತಗುಲುತ್ತದೆ ಅಂದುಕೊಂಡಿರಬೇಕು.

ಬಾಡಿಗೆ ಹೇಗೆ ಇಡುತ್ತೇವೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನಾವು ಮನೆ ನೋಡಿ ಬಾಡಿಗೆ ಇಡುವುದಿಲ್ಲ, ಅದರಲ್ಲಿ ಇರುವವರ ಆದಾಯ ನೋಡಿ ಇಡುತ್ತೇವೆ. ವರ್ಷಕ್ಕೊಮ್ಮೆ ಬಾಡಿಗೆದಾರರನ್ನು ಕರೆಸಿ, ಮನೆಯವರಿಗೆಲ್ಲ ಸೇರಿ ತಿಂಗಳಿಗೆ ಎಷ್ಟು ಬರುತ್ತದೆ ಎಂದು ಕೇಳಿ, ಔಷಧಿ ಮುಂತಾದ ಕೆಲವು ಖರ್ಚು ಕಳೆದು, ಉಳಿದದ್ದರಲ್ಲಿ ಹತ್ತಕ್ಕೆ ಮೂರು ಪಾಲು ಬಾಡಿಗೆ. ಆದಾಯ ಎಂದರೆ ಸಂಬಳ ಮಾತ್ರವಲ್ಲ. ಹೊರಗಿನವರು, ಅಣ್ಣನೋ ಮಗನೋ ಸ್ನೇಹಿತನೋ, ತಿಂಗಳು ತಿಂಗಳು ಕೊಡುತ್ತಿದ್ದರೆ ಅದೂ ಆದಾಯವೇ. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಕೊಟ್ಟ ಉಡುಗೊರೆ ಮಾತ್ರ ಸೇರುವುದಿಲ್ಲ.

ಪಕ್ಕದ ಮೇಜಿನವರು, ಈಗ ತೀರಿಕೊಂಡವರು, ಹುಬ್ಬಳ್ಳಿ ಕಡೆಯವರು. ಸಣ್ಣ ಆಳು, ತಲೆ ತುಂಬ ಬಿಳಿ ಕೂದಲು, ಮಳೆಗೂ ಬಿಸಿಲಿಗೂ ಒಂದೇ ಕಂದು ಜಾಕೆಟ್. ಒಂದು ಕಾಲದಲ್ಲಿ ಇಲ್ಲಿನ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದರಂತೆ. ಕೆಲಸ ಹೋಯಿತು, ಈ ಕಚೇರಿಗೆ ಬಂದರು, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮಧ್ಯಾಹ್ನ ಬ್ರೆಡ್ಡಿನ ಮೇಲೆ ಶೇಂಗಾ ಚಟ್ನಿ ಉದುರಿಸಿಕೊಂಡು ಮೇಜಿನಲ್ಲೇ ತಿನ್ನುತ್ತಿದ್ದರು. ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ‘ಏನ್ರೀ ಮೈಸೂರವರ’ ಎನ್ನುತ್ತಿದ್ದರು, ಮೈಸೂರು ಒಂದು ಕಾಯಿಲೆ ಎಂಬ ಹಾಗೆ.

ದನಿ ಏರಿಸಿದ್ದನ್ನು ನಾನು ಕಂಡಿಲ್ಲ. ಅವರ ಎದುರಿನ ಕುರ್ಚಿಗೆ ಸ್ವಂತ ದುಡ್ಡಿನಲ್ಲಿ ತಂದ ಒಂದು ಮೆತ್ತೆ ಹಾಕಿದ್ದರು. ಬಂದವರಿಗೆ ಮೊದಲು ನೀರು. ನಾನು ಹೊಸದಾಗಿ ಸೇರಿದಾಗ, ಎಂಥ ಒಳ್ಳೆಯವರಪ್ಪ ಅಂದುಕೊಂಡಿದ್ದೆ.

“ಕುಂತವರು ಆರಾಮ ಇದ್ರ ಮಾತಾಡ್ತಾರ್ರೀ ಮೈಸೂರವರ,” ಅಂದರು ಒಂದು ದಿನ. “ಬಾಡಿಗಿ ನಾವು ಇಡೂದಿಲ್ಲ. ಅವರ ಬಾಯಿ ಇಡತೈತಿ. ನಾವು ಬರಕೊಳ್ಳೂದಷ್ಟ.”

ಮನೆ ತಪಾಸಣೆಗೆ ಹೋದರೆ ನಮ್ಮ ಬೇರೆ ಸಹೋದ್ಯೋಗಿಗಳು ಹೊಗೆ ಅಲಾರಂ ನೋಡುತ್ತಿದ್ದರು, ನಲ್ಲಿ ಸೋರುತ್ತದಾ ನೋಡುತ್ತಿದ್ದರು. ಇವರು ಅಡುಗೆಮನೆಯಲ್ಲಿ ನಿಂತು ಕುಕ್ಕರ್ ನೋಡುತ್ತಿದ್ದರು. ಒಬ್ಬಳೇ ಇದ್ದೇನೆ ಎಂದು ಬರೆದುಕೊಟ್ಟಿದ್ದ ತೆಲುಗು ಹೆಂಗಸೊಬ್ಬಳ ಮನೆಯಲ್ಲಿ ದೊಡ್ಡ ಕುಕ್ಕರ್ ಎತ್ತಿ ಹಿಡಿದು, ಹರಕು ಮುರುಕು ತೆಲುಗಿನಲ್ಲಿ, ನಗುತ್ತಾ, ಇದರಲ್ಲಿ ಅನ್ನ ಮಾಡಿದರೆ ಎಷ್ಟು ದಿನ ತಿನ್ನುತ್ತೀಯಮ್ಮಾ ಎಂದು ಕೇಳಿದರು. ಆ ಮನೆಯಲ್ಲಿ ಅವಳ ತಮ್ಮ ಇದ್ದ, ಸಂಬಳ ತರುತ್ತಿದ್ದ. ಹೊರಗೆ ಬಂದು ಕಾರು ಹತ್ತುವಾಗ ಅವರ ಮುಖದಲ್ಲಿ ಇಸ್ಪೀಟು ಗೆದ್ದವರ ಖುಷಿ.

ಹಾಗಂತ ಅವರು ಬರೀ ಬಾಡಿಗೆ ಏರಿಸುವವರಲ್ಲ. ವಿಯೆಟ್ನಾಮಿನ ಒಬ್ಬ ಮುದುಕ ಬಿಸ್ಕತ್ತಿನ ಡಬ್ಬಿಯ ತುಂಬ ಔಷಧಿ ಅಂಗಡಿಯ ಚೀಟಿಗಳನ್ನು ತಂದಿದ್ದ. ಬೇರೆ ಯಾರಾದರೂ ಆಗಿದ್ದರೆ ಸರಿಮಾಡಿಕೊಂಡು ಬಾ ಎಂದು ವಾಪಸ್ಸು ಕಳಿಸುತ್ತಿದ್ದರು. ಇವರು ಇಡೀ ಮಧ್ಯಾಹ್ನ ಕೂತು ಅವುಗಳನ್ನು ನೇವರಿಸಿ, ಮಾಸಿದ ಅಕ್ಷರಕ್ಕೆ ದೀಪ ಹಿಡಿದು, ಕಿವಿಯ ಯಂತ್ರದ ಬ್ಯಾಟರಿಯ ಚೀಟಿಯನ್ನೂ ಬಿಡದೆ ಸೇರಿಸಿ ಬಾಡಿಗೆ ಇಳಿಸಿದರು. ಮಾರನೆಯ ವಾರ ಆ ಮುದುಕ ತನ್ನ ಮಗಳ ಹಿತ್ತಿಲಿನ ಹಣ್ಣು ತಂದು ಮೇಜಿನ ಮೇಲಿಟ್ಟು ಹೋದ. ನಾವು ಏನೂ ತೆಗೆದುಕೊಳ್ಳುವ ಹಾಗಿಲ್ಲ, ನಿಜ. ಆದರೆ ಇವರು ಆ ಹಣ್ಣನ್ನು ನನ್ನ ಕೈಲಿ ಅವನ ಬಾಗಿಲಿಗೇ ವಾಪಸ್ಸು ಕಳಿಸಿದರು. ಬಾಗಿಲು ತೆಗೆದು ಚೀಲ ನೋಡಿದ ಆ ಮುದುಕನ ಮುಖ ನನಗೆ ಈಗಲೂ ಕಾಣುತ್ತದೆ. ಇವರಿಗೆ ಅವನ ಮೇಲೆ ಕರುಣೆ ಇರಲಿಲ್ಲ, ದ್ವೇಷವೂ ಇರಲಿಲ್ಲ. ಲೆಕ್ಕ ಸರಿ ಇರಬೇಕಿತ್ತು, ಅಷ್ಟೇ.

ಕನ್ನಡದವರು ಬಂದರೆ ಮಾತ್ರ ಅವರು ಬೇರೆ ಮನುಷ್ಯರಾಗುತ್ತಿದ್ದರು. ಕುರ್ಚಿ ಹತ್ತಿರ ಎಳೆದುಕೊಂಡು, ಅಕ್ಕಾರ ಅಣ್ಣಾರ ಎಂದು ಶುರುಮಾಡಿ, ಊರು ಕೇರಿ ಕೇಳಿ, ಮೆತ್ತಗೆ ಮನೆಯ ಒಳಗೆ ಬರುತ್ತಿದ್ದರು. ಇಂಗ್ಲಿಷಿನಲ್ಲಿ ಕೇಳಿದರೆ ನಮ್ಮ ಜನ ಹುಷಾರಾಗಿ ಫಾರಂ ನೋಡಿಕೊಂಡು ಹೇಳುತ್ತಾರೆ. ಕನ್ನಡದಲ್ಲಿ ಕೇಳಿದರೆ ಎದುರಿಗೆ ಕೂತಿರುವುದು ಕಚೇರಿ ಎನ್ನುವುದನ್ನೇ ಮರೆಯುತ್ತಾರೆ. ಮದುವೆ ಮನೆಯಲ್ಲಿ ಯಾರೋ ವಿಚಾರಿಸಿಕೊಂಡ ಹಾಗೆ, ಮನೆತನದ ಮರ್ಯಾದೆ ಬಿಟ್ಟುಕೊಡದೆ ಉತ್ತರ ಕೊಡುತ್ತಾರೆ. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ತುಮಕೂರು ಕಡೆಯ ಆ ಹೆಂಗಸು ಬಂದದ್ದು ನಾನು ಸೇರಿದ ಎರಡನೆಯ ವರ್ಷ. ಐವತ್ತರ ಆಸುಪಾಸು. ಗಂಡ ಇಲ್ಲೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆಮೇಲೆ ಎರಡು ವರ್ಷ ಸಮಾಮಿಶ್‌ನಲ್ಲಿ ಅಣ್ಣನ ದೊಡ್ಡ ಮನೆಯ ಕೆಳಗಿನ ಕೋಣೆಯಲ್ಲಿದ್ದು, ಮೂರು ಹೊತ್ತು ಅವರಿಗೆಲ್ಲ ಬೇಯಿಸಿ ಹಾಕಿದ್ದಳು. ಅಲ್ಲಿ ಕಾರಿಲ್ಲದೆ ಒಂದು ಕೊತ್ತಂಬರಿ ಸೊಪ್ಪೂ ತರಲಾಗುವುದಿಲ್ಲ. ಅತ್ತಿಗೆಗೆ ಪುರುಸೊತ್ತಾದರೆ ಹೊರಗೆ, ಇಲ್ಲದಿದ್ದರೆ ಒಳಗೆ. ಕಾಯುವವರ ಪಟ್ಟಿಯಲ್ಲಿ ಅವಳ ಸರದಿ ಬಂದು ಲಿನ್‌ವುಡ್‌ನಲ್ಲಿ ಒಂದು ರೂಮಿನ ಮನೆ ಸಿಕ್ಕಿತು. ಬಸ್ಸು ಹತ್ತಿರ, ಆಮೇಲೆ ರೈಲೂ ಬಂತು. ಒಂದು ಶಾಲೆಯ ಅಡುಗೆಮನೆಯಲ್ಲಿ ಅರ್ಧ ದಿನದ ಕೆಲಸ ಹಿಡಿದಳು. ಬಾಗಿಲಿನ ಕೀಲಿಕೈಯನ್ನು ಕಪ್ಪು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದಳು. ಮಾತಾಡುವಾಗ ಅದನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

“ಐವತ್ತು ವರ್ಷಕ್ಕೆ ನನ್ ಬಾಗ್ಲು ನಾನೇ ಹಾಕ್ಕೊಳೋ ಥರ ಆಯ್ತು ನೋಡಿ,” ಅಂದಳು ನನಗೆ, ಅವರಿನ್ನೂ ಬಂದು ಕೂರುವ ಮೊದಲು.

ನಾನು ಆಗ ಕಲಿಯುತ್ತಿದ್ದೆ. ಪಕ್ಕದಲ್ಲಿ ಕೂತು ನೋಡುವುದು, ಕೊನೆಯಲ್ಲಿ ಎರಡನೆಯ ಸಹಿ ಹಾಕುವುದು ನನ್ನ ಕೆಲಸ. ಅವರು ಬಂದು ಕೂತರು, ನೀರು ಕೊಟ್ಟರು, ಶಾಲೆಯ ಸಂಬಳದ ಚೀಟಿ ನೋಡಿದರು. ಎಲ್ಲ ಹಿಂದಿನ ವರ್ಷದ ಹಾಗೇ ಇತ್ತು. ಬಾಡಿಗೆಯೂ ಹಾಗೇ ಉಳಿಯುತ್ತಿತ್ತು. ಫಾರಂ ಮುಚ್ಚಬಹುದಿತ್ತು.

“ತವರ ಮನಿ ಇಲ್ಲೇ ಐತೇನ್ರೀ ಅಕ್ಕಾರ?” ಅಂದರು.

“ಹೂಂ ಸಾರ್, ನಮ್ಮಣ್ಣ ಸಮಾಮಿಶ್‌ನಲ್ಲಿ ಇದಾನೆ. ದೊಡ್ಡ ಕೆಲ್ಸ,” ಅಂದಳು. ಹೆಸರೂ ಹೇಳಿದಳು. ಇಲ್ಲಿನ ಕನ್ನಡದವರಲ್ಲಿ ಆ ಹೆಸರು ಗೊತ್ತಿಲ್ಲದವರಿಲ್ಲ. ರಾಜ್ಯೋತ್ಸವಕ್ಕೆ ಮುಂದಿನ ಸಾಲಿನಲ್ಲಿ ಕೂರುವ ಮನುಷ್ಯ.

“ಹೌದೇನ್ರಿ? ಅವರ ತಂಗಿ ಏನ ನೀವು? ಭಾಳ ಛಲೋ ಮಂದಿ ಬಿಡ್ರಿ. ತಂಗಿಗೆ ಏನರೆ ಕೊಡ್ತಾರಿಲ್ಲೋ?”

“ಕೊಡ್ತಾನೆ ಸಾರ್. ಗೌರಿ ಹಬ್ಬಕ್ಕೆ ತಪ್ಪದೆ ಬಾಗಿನ ಕೊಡ್ತಾನೆ. ಸೀರೆ, ದುಡ್ಡು, ಎಲ್ಲ.”

ನನಗೆ ಹಾಯೆನಿಸಿತು. ಹಬ್ಬದ ಉಡುಗೊರೆ, ಲೆಕ್ಕಕ್ಕಿಲ್ಲ. ಮುಗಿಯಿತು. ಅವರು ಪೆನ್ನು ಕೆಳಗಿಟ್ಟು, ಹುಬ್ಬು ಸ್ವಲ್ಪ ಮೇಲೆತ್ತಿ, ಅವಳ ಮುಖ ನೋಡಿದರು.

“ಹಬ್ಬಕ್ಕಷ್ಟ ಏನ್ರೀ ಅಕ್ಕಾರ?”

ಇಷ್ಟೇ ಕೇಳಿದ್ದು. ನಿಯಮದ ಪ್ರಕಾರ ಕೇಳಬೇಕಾದ ಪ್ರಶ್ನೆಯೇ. ಆದರೆ ಅವರು ಅದನ್ನು ಕೇಳಿದ ರೀತಿ ನೀವು ಕೇಳಬೇಕಿತ್ತು. ಅಷ್ಟು ದೊಡ್ಡ ಮನೆ, ಅಷ್ಟು ದೊಡ್ಡ ಹೆಸರು, ತಂಗಿಗೆ ವರ್ಷಕ್ಕೊಂದು ಸೀರೆಯೇ ಎಂದು ಬೀಗಿತ್ತಿಯರು ಕೇಳುವ ಧಾಟಿ. ಅವಳ ಮುಖ ಸುಟ್ಟ ಹಾಗಾಯಿತು. ಕೊರಳಿನ ಕೀಲಿಕೈ ಬಿಟ್ಟು ನೆಟ್ಟಗೆ ಕೂತಳು.

“ಅಯ್ಯೋ, ಹಬ್ಬಕ್ಕಷ್ಟೇ ಯಾಕೆ ಸಾರ್. ತಿಂಗ್ಳು ತಿಂಗ್ಳು ಕೊಡ್ತಾನೆ.”

“ಎಷ್ಟ್ರಿ?”

ಅವಳು ಒಂದು ಗಳಿಗೆ ಕಿಟಕಿ ನೋಡಿದಳು. ಅಣ್ಣನ ಅಂತಸ್ತಿಗೆ ಎಷ್ಟು ಹೇಳಿದರೆ ಸರಿಹೋಗುತ್ತದೆ ಎಂದು ಅಳೆಯುತ್ತಿದ್ದಾಳೆ ಎನ್ನುವುದು ನನಗೆ ಅಲ್ಲೇ ಗೊತ್ತಾಯಿತು.

“ಎಂಟ್ನೂರು ಡಾಲರ್,” ಅಂದಳು.

ಅವರು ಬರೆದುಕೊಂಡರು. ನಾನು ಬಾಯಿಬಿಡಬಹುದಿತ್ತು. ಅಕ್ಕಾ, ಇದು ಬಾಡಿಗೆಗೆ ಸೇರುತ್ತೆ, ಯೋಚನೆ ಮಾಡಿ ಹೇಳಿ ಅನ್ನಬಹುದಿತ್ತು. ಹೊಸ ಕೆಲಸ, ದೊಡ್ಡವರ ಎದುರು ಯಾಕೆ ಎಂದು ಸುಮ್ಮನಿದ್ದೆ. ಕಾಗದ ನನ್ನ ಕಡೆ ಬಂತು, ಸಹಿ ಹಾಕಿದೆ. ಅವಳು ಹೋಗುವಾಗ ಮೊಸರಿನ ಡಬ್ಬಿಯಲ್ಲಿ ತಂದಿದ್ದ ಕೋಡುಬಳೆಯನ್ನು ಅವರು ನಗುನಗುತ್ತಾ ವಾಪಸ್ಸು ಕೊಟ್ಟರು.

ಹೀಗೆ ಯಾರಾದರೂ ಕೊಡುತ್ತಾರೆ ಎಂದರೆ ಕೊಡುವವರಿಗೂ ಒಂದು ಕಾಗದ ಹೋಗುತ್ತದೆ. ಇಂಥವರಿಗೆ ತಿಂಗಳಿಗೆ ಇಷ್ಟು ಕೊಡುತ್ತೀರಾ, ಹೌದು ಅಥವಾ ಇಲ್ಲ, ಸಹಿ. ನಾನು ಅದನ್ನೇ ನಂಬಿಕೊಂಡಿದ್ದೆ. ಅಣ್ಣ ‘ಇಲ್ಲ’ ಎಂದು ಬರೆಯುತ್ತಾನೆ, ಅಲ್ಲಿಗೆ ಅವಳ ಜಂಬ ಇಳಿದರೂ ಮನೆ ಉಳಿಯುತ್ತದೆ. ಕಾಗದ ಮುಟ್ಟಿದ ದಿನ ಅಣ್ಣನೇ ಫೋನ್ ಮಾಡಿದ. ಇವರು ಸ್ಪೀಕರ್ ಹಾಕಿ, ನನಗೂ ಕೇಳಲಿ ಎಂದು ಫೋನನ್ನು ನಡುವೆ ಇಟ್ಟರು.

“ಸಾರ್, ಇದೇನೋ ಲೆಟರ್ ಬಂದಿದೆಯಲ್ಲ ನಿಮ್ ಆಫೀಸಿಂದ.”

“ದೊಡ್ಡದೇನಿಲ್ರಿ ಸಾಹೇಬ್ರ. ತಂಗಿಗೆ ಕೊಡ್ತೀರೋ ಇಲ್ಲೋ, ಅಷ್ಟ ಬರದ ಕಳಸ್ರಿ.”

ಆ ಕಡೆ ಕಾಗದ ತಿರುವಿದ ಸದ್ದು ಕೇಳಿಸಿತು.

“ಅವಳೇ ಹೇಳಿದ್ಳಾ, ಎಂಟ್ನೂರು ಅಂತ?”

“ಹೌದ್ರಿ. ನಮ್ಮಣ್ಣ ಕೈಬಿಟ್ಟಿಲ್ಲ ಅಂತ ಭಾಳ ಹೆಮ್ಮಿಲೆ ಹೇಳಿದ್ರು.”

“ಹಾಂ. ಹೌದು, ಕೊಡ್ತೀನಿ. ಸೈನ್ ಮಾಡಿ ಸ್ಕ್ಯಾನ್ ಕಳಿಸ್ತೀನಿ ಸಾರ್.”

ಹೌದು ಎನ್ನುವುದರ ಮುಂದೆ ಗುರುತು ಹಾಕಿ, ಸಹಿ ಮಾಡಿ, ಅರ್ಧ ಗಂಟೆಯಲ್ಲಿ ಕಳಿಸಿದ. ತಂಗಿ ಅಣ್ಣನ ಮಾನಕ್ಕೆ ಸುಳ್ಳು ಹೇಳಿದಳು, ಅಣ್ಣ ತನ್ನ ಮಾನಕ್ಕೆ ಅದೇ ಸುಳ್ಳಿಗೆ ಸಹಿ ಹಾಕಿದ. ಯಾರೂ ಕೊಡದ, ಯಾರ ಕೈಗೂ ಬಾರದ ದುಡ್ಡಿಗೆ ಎರಡು ಸಾಕ್ಷಿ ಸಿಕ್ಕವು. ಅದರ ಹತ್ತಕ್ಕೆ ಮೂರು ಪಾಲು, ಇನ್ನೂರ ನಲವತ್ತು ಡಾಲರ್, ಅವಳ ಬಾಡಿಗೆಗೆ ಸೇರಿತು. ಅರ್ಧ ದಿನ ಶಾಲೆಯಲ್ಲಿ ಪಾತ್ರೆ ತೊಳೆಯುವವಳಿಗೆ ಅದು ತಿಂಗಳ ದಿನಸಿ.

ಎರಡು ತಿಂಗಳ ನಂತರ ಲಿನ್‌ವುಡ್ ಸ್ಟೇಷನ್ನಿನಲ್ಲಿ ಅವಳು ಸಿಕ್ಕಳು. ಬೆಂಚಿನ ಮೇಲೆ ಕೂರಿಸಿ, ಯಾರಿಗೂ ಕೇಳದ ಹಾಗೆ ಹೇಳಿದೆ.

“ಒಂದೇ ಒಂದು ಲೈನ್ ಬರ್ಕೊಡಿ ಅಕ್ಕ. ಅಣ್ಣ ಈಗ ಕೊಡ್ತಾ ಇಲ್ಲ ಅಂತ. ಮುಂದಿನ ತಿಂಗ್ಳಿಂದಾನೇ ಬಾಡಿಗೆ ಇಳಿಯುತ್ತೆ.”

“ನಮ್ಮಣ್ಣ ಕೊಡಲ್ಲ ಅಂತ ಯಾರು ಹೇಳಿದ್ರು ನಿಮ್ಗೆ?”

“ನಂಗೆ ಗೊತ್ತು ಅಕ್ಕ.”

“ಏನೂ ಗೊತ್ತಿಲ್ಲ ನಿಮ್ಗೆ. ಅವ್ನು ಸೈನ್ ಮಾಡಿ ಕಳ್ಸಿದಾನೆ, ನೀವೇ ಕಾಪಿ ಕಳ್ಸಿದ್ರಲ್ಲ, ಬೀರುನಲ್ಲಿ ಇಟ್ಟಿದೀನಿ. ಮುಂಚೆ ಅವ್ನಿಗೆ ಹೊಳೀದೆ ಇರಬೋದು. ಈಗ ಬರ್ದಿದಾನೆ ಅಂದ್ಮೇಲೆ ಕೊಡ್ತಾನೆ. ಈ ತಿಂಗ್ಳು ಅಲ್ದಿದ್ರೆ ಮುಂದಿನ ತಿಂಗ್ಳು.”

ಅಣ್ಣನ ಆ ಸಹಿಯನ್ನು ಅವಳು ಮಾತು ಕೊಟ್ಟ ಹಾಗೆ ಇಟ್ಟುಕೊಂಡಿದ್ದಳು. ರೈಲು ಬಂತು, ಹತ್ತಿ ಹೋದಳು.

ಮುಂದಿನ ತಿಂಗಳೂ ದುಡ್ಡು ಬರಲಿಲ್ಲ, ಅದರ ಮುಂದಿನ ತಿಂಗಳೂ ಬರಲಿಲ್ಲ. ಬೇಸಿಗೆ ರಜೆಯಲ್ಲಿ ಶಾಲೆಯ ಸಂಬಳ ನಿಂತಿತು. ಸಂಬಳ ನಿಂತಿದೆ, ಬಾಡಿಗೆ ಇಳಿಸಿ ಎಂದು ಅರ್ಜಿ ಕೊಟ್ಟಿದ್ದರೂ ಅಣ್ಣನ ಎಂಟುನೂರು ಕಡತದಲ್ಲಿ ಇದ್ದೇ ಇರುತ್ತಿತ್ತು. ಬಾಕಿ ಬೆಳೆಯಿತು, ನೋಟಿಸು ಹೋಯಿತು. ವಿಷಯ ಕೋರ್ಟಿನವರೆಗೆ ಹೋಗಲು ಅವಳು ಬಿಡಲಿಲ್ಲ. ಒಂದು ಬೆಳಗ್ಗೆ ಕಚೇರಿಗೆ ಬಂದು, ಕೊರಳಿನಿಂದ ದಾರ ತೆಗೆದು, ಕೀಲಿಕೈ ಬಿಚ್ಚಿ ಅವರ ಮೇಜಿನ ಮೇಲಿಟ್ಟಳು. ದಾರ ಮಾತ್ರ ಬೆರಳಿಗೆ ಸುತ್ತಿಕೊಂಡಳು. ಅವರು ನೀರು ಕೊಟ್ಟು ರಸೀದಿ ಬರೆದರು.

“ಎಲ್ಲಿ ಹೊಂಟ್ರೀ ಅಕ್ಕಾರ?”

“ತವರಿಗೆ ಸಾರ್. ಅಣ್ಣ ಬಾ ಬಾ ಅಂತ ಒಂದೇ ಸಮ್ನೆ ಕರೀತಿದಾನೆ.”

“ಛಲೋ ಆತು ಬಿಡ್ರಿ,” ಅಂದರು.

ಅವಳು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಅವರು ಬ್ರೆಡ್ಡಿನ ಪೊಟ್ಟಣ ಬಿಚ್ಚುತ್ತಿದ್ದರು. “ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ ಸಾರ್, ಅವರು ಸುಳ್ಳು ಹೇಳ್ತಿದಾರೆ ಅಂತ?”

“ಗೊತ್ತಾಗಲಾರದ ಏನ್ರಿ? ಅಣ್ಣ ಎಂಟ್ನೂರು ಕೊಡಾಂವ ಆಗಿದ್ರ ಆಕಿ ಮಳ್ಯಾಗ ಎರಡು ಬಸ್ಸು ಬದಲಿ ಮಾಡಿ ಬರತಿದ್ಳೇನು?” ಚಟ್ನಿ ಉದುರಿಸಿದರು. “ಆಕಿ ಹೇಳಿದ್ದು ಬರದೇನಿ. ಅಣ್ಣ ಸಹಿ ಮಾಡಿದ್ದು ಹಚ್ಚೇನಿ. ನೀವಿಬ್ಬರೂ ಸುಳ್ಳು ಹೇಳ್ತೀರಿ ಅನ್ನಾಕ ನಾ ಯಾರ್ರಿ? ಆಕಿ ಒಂದ ಸಾಲು ಬರದ ಕೊಟ್ಟಿದ್ರ ಅವತ್ತ ಬಾಡಿಗಿ ಇಳಸ್ತಿದ್ದೆ.”

“ಒಂದು ಮಾತು ಕೇಳದೇ ಬಿಟ್ಟಿದ್ರೆ ಆಗ್ತಿತ್ತು.”

ಅವರು ತಲೆಯೆತ್ತಿ ನೋಡಿದರು. ಸಿಟ್ಟು ಇರಲಿಲ್ಲ.

“ಅವತ್ತ ಬಾಜೂಕ ಕುಂತಾಕಿ ನೀವ ಅಲ್ಲೇನ್ರೀ ಮೈಸೂರವರ? ಸಹಿ ನಿಮ್ಮದೂ ಐತಿ.”

ಅದಾದ ಮೇಲೆ ನಾನು ಅವರನ್ನು ದ್ವೇಷಿಸಿದೆ. ಸುಳ್ಳು ಯಾಕೆ, ಮನಸಾರೆ ದ್ವೇಷಿಸಿದೆ. ಆದರೂ ಅವರಿಂದ ಕೆಲಸ ಕಲಿತೆ. ಯಾವ ಪ್ರಶ್ನೆಯನ್ನು ಯಾವಾಗ ಕೇಳಬೇಕು, ಎಲ್ಲಿ ಪೆನ್ನು ಕೆಳಗಿಡಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು. ಅವರು ನಿವೃತ್ತರಾದಾಗ ಅವರ ಮೇಜು ನನಗೆ ಬಂತು. ಎದುರಿನ ಕುರ್ಚಿಯ ಮೆತ್ತೆಯನ್ನು ನಾನು ತೆಗೆಯಲಿಲ್ಲ.

ಸಂತಾಪ ಸಭೆ ಈಸ್ಟ್‌ಗೇಟ್‌ನ ಒಂದು ಹಾಲ್‌ನಲ್ಲಿ, ಭಾನುವಾರ ಮಧ್ಯಾಹ್ನ. ಬೇರೆ ರಾಜ್ಯದಿಂದ ಬಂದಿದ್ದ ಅವರ ಮಗಳು ಎಲ್ಲರ ಕನ್ನಡ ಕೇಳಿಸಿಕೊಂಡು, ಡ್ಯಾಡ್ ವಾಸ್ ಆಲ್ವೇಸ್ ಫೇರ್ ಎಂದು ಅತ್ತಳು. ಆಮೇಲೆ ಅಣ್ಣ ಎದ್ದು ನಿಂತ. ಆ ಸಮಾಮಿಶ್ ಅಣ್ಣನೇ. ಕೈಯಲ್ಲಿ ಚೀಟಿ ಇಲ್ಲದೆ, ಚೆನ್ನಾಗಿ ಮಾತಾಡಿದ. “ನನ್ನ ತಂಗಿ ಕಷ್ಟದಲ್ಲಿದ್ದಾಗ ಅವಳ ಮನೆ ವಿಚಾರ ನೋಡಿಕೊಂಡವರು ಇವರು. ನಾನೂ ತಿಂಗಳು ತಿಂಗಳು ಕೈಲಾದಷ್ಟು ಕೊಡ್ತಿದ್ದೆ. ಆದರೆ ದುಡ್ಡು ಕೊಡೋದು ಸುಲಭ, ಧೈರ್ಯ ಕೊಡೋರು ಬೇಕು,” ಅಂದ. ಜನ ತಲೆದೂಗಿದರು. ಹಾಲ್‌ನ ಹಿಂದೆ, ಊಟದ ಮೇಜಿನ ಬಳಿ, ಸೌಟು ಹಿಡಿದು ನಿಂತಿದ್ದ ಅವಳೂ ತಲೆದೂಗಿದಳು.

ಸಭೆಗೆ ಬಂದವರಿಗೆಲ್ಲ ಚಿತ್ರಾನ್ನ, ಮೊಸರನ್ನ ಮಾಡಿಕೊಂಡು ಬಂದವಳು ಅವಳೇ. ಇಳಿದು ಹೋಗಿದ್ದಳು. ಕೊರಳು ಬರಿದಾಗಿತ್ತು. ನಾನು ತಟ್ಟೆ ಹಿಡಿದು ಹೋದಾಗ ಸುತ್ತ ನೋಡಿ, ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದಳು.

“ಮತ್ತೆ ಅರ್ಜಿ ಹಾಕಿದ್ರೆ ಸಿಗುತ್ತಾ? ಎಲ್ಲಿ ಆದ್ರೂ ಸರಿ, ಎಷ್ಟು ಚಿಕ್ಕದಾದ್ರೂ ಸರಿ. ಹಳೇ ಬಾಕಿ ತೀರ್ಸಿದೀನಿ, ಬಳೆ ಮಾರಿ. ಕೆಳಗಿನ ರೂಮಲ್ಲಿ ಇರಕ್ಕಾಗ್ತಿಲ್ಲ.”

“ಪಟ್ಟಿ ಓಪನ್ ಆಗಿದೆ ಅಕ್ಕ. ನಾನೇ ನೋಡ್ತೀನಿ ಈಗ ಅದನ್ನೆಲ್ಲ. ಶಾಲೆ ಕೆಲಸ ಇದೆಯಾ?”

“ಬಿಟ್ಟಾಯ್ತು. ಅಲ್ಲಿಂದ ಹೋಗೋದು ಹೇಗೆ?”

“ಬೇರೆ ಏನಾದ್ರೂ ಬರುತ್ತಾ? ಅಣ್ಣ ಕೊಡ್ತಾರಾ?”

ಅವಳು ಕಲಿತಿದ್ದಳು. ಈ ಸಲ ನೆಲ ನೋಡಿಕೊಂಡು, ತಗ್ಗಿದ ದನಿಯಲ್ಲಿ, ಇದ್ದದ್ದು ಇದ್ದ ಹಾಗೆ ಹೇಳಿದಳು. “ಗೌರಿ ಹಬ್ಬಕ್ಕೆ ಒಂದು ಸೀರೆ ಕೊಡ್ತಾನೆ.”

ಅಷ್ಟು ಸಾಕಿತ್ತು. ಅದು ಲೆಕ್ಕಕ್ಕಿಲ್ಲ, ನನಗೆ ಗೊತ್ತು. ಅಷ್ಟರಲ್ಲಿ ಅಣ್ಣ ಮೊಸರನ್ನ ಹಾಕಿಸಿಕೊಳ್ಳಲು ನನ್ನ ಹಿಂದೆ ಬಂದು ನಿಂತದ್ದೂ ನನಗೆ ಗೊತ್ತಾಯಿತು. ನಾನು ತಟ್ಟೆ ಕೆಳಗಿಟ್ಟೆ. ಹುಬ್ಬು ಮೇಲೆ ಹೋಯಿತು. ಬಾಯಿಯಿಂದ ಮಾತು ಬಿತ್ತು.

“ಹಬ್ಬಕ್ಕಷ್ಟೇನಾ ಅಕ್ಕ?”

ಅವಳು ನನ್ನ ಭುಜದ ಆಚೆ ಅಣ್ಣನನ್ನು ನೋಡಿದಳು. ನೆಟ್ಟಗಾದಳು.

“ಯಾಕೆ ಹಾಗೆ ಕೇಳ್ತೀರ? ತಿಂಗ್ಳು ತಿಂಗ್ಳು ಕೊಡ್ತಾನೆ,” ಅಂದಳು, ಅಣ್ಣನಿಗೂ ಕೇಳುವ ಹಾಗೆ. ಆಮೇಲೆ ನನ್ನ ತಟ್ಟೆಗೆ ಇನ್ನೊಂದು ಸೌಟು ಚಿತ್ರಾನ್ನ ಹಾಕಿದಳು.